ಸಾಹೇಬಾ, ಪಾಸ್ ಮಾಡು

ಸಾಹೇಬನ ಕಾಲಿಗೆ ಒಮ್ಮೆ ಚೆಂಡು ಸಿಕ್ಕಿತೆಂದರೆ ಮುಗಿಯಿತು, ಕಚೇರಿಯ ಕಡತದ ಹಾಗೆ ಅದು ಅಲ್ಲೇ ಉಳಿಯುತ್ತಿತ್ತು. ಮುಂದಕ್ಕೂ ಹೋಗದು, ಪಕ್ಕಕ್ಕೂ ಹೋಗದು. ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಹೊಟ್ಟೆ ಮುಂದೆ ಮಾಡಿ, ತಪಾಸಣೆಗೆ ಬಂದವನಂತೆ ಮೈದಾನವನ್ನೊಮ್ಮೆ ನೋಡುವನು. ಅಷ್ಟರಲ್ಲಿ ಎದುರು ತಂಡದವರು ಬಂದು ಚೆಂಡು ಕಿತ್ತುಕೊಂಡು ಹೋಗಿರುತ್ತಿದ್ದರು. ಹುಡುಗನಿಗೆ ಇನ್ನೂ ಒಂಬತ್ತು ವರ್ಷ. ಆ ಗತ್ತು ನೋಡಿಯೇ ಮೈಕಣ್ಣ ಅವನಿಗೆ ಸಾಹೇಬ ಎಂದು ಹೆಸರಿಟ್ಟಿದ್ದ. ಇಷ್ಟೆಲ್ಲ ಆದದ್ದು ಇಂಥ ಹೆಸರುಗಳಿಂದ.

ತನ್ನ ತಂಡದಲ್ಲಿ ಯಾರಿಗೂ ಮೈಕಣ್ಣ ಹೆಸರಿಡದೆ ಬಿಟ್ಟವನಲ್ಲ. ಮಾತುಮಾತಿಗೆ ಸಿಡಿಯುವವನು ಬೆಂಕಿಪೊಟ್ಟಣ. ಎಷ್ಟು ಸಲ ಬಿದ್ದರೂ ಪುಟಿದೇಳುವ ಹುಡುಗಿ ರಬ್ಬರ್. ಎಲ್ಲರ ಸೊಂಟದೆತ್ತರಕ್ಕಿದ್ದ ಚೋಟುದ್ದದ ಹುಡುಗ ಅರ್ಧ ಟಿಕೆಟ್. ಮೈಕಣ್ಣ ಎಂಬುದೂ ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ, ಎಲ್ಲಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವುದು ಅವನ ನೌಕರಿ. ಕರೆಂಟು ಹೋದರೂ ಅವನ ಕೆಲಸ ನಿಲ್ಲುತ್ತಿರಲಿಲ್ಲ. ಬರಿಗಂಟಲಲ್ಲಿ ಕೂಗಿದರೂ ಗೇಟು ದಾಟಿದ ಬಸ್ಸಿನ ಡ್ರೈವರು ಬ್ರೇಕು ಹಾಕಿ ತಿರುಗಿ ನೋಡುತ್ತಿದ್ದ.

ಇಂಥ ಮೈಕಣ್ಣ ಬೀದಿಯ ಮಕ್ಕಳಿಗೆ ಫುಟ್‌ಬಾಲ್ ಆಡಿಸುತ್ತ ನೆಮ್ಮದಿಯಾಗಿದ್ದ. ಈ ವರ್ಷ ಊರಿನ ಫುಟ್‌ಬಾಲ್ ಸಂಘದವರು ಹೊಸ ನಿಯಮ ತಂದರು. ಲೈಸೆನ್ಸ್ ಇಲ್ಲದ ಕೋಚ್ ಮಕ್ಕಳ ತಂಡದ ಜೊತೆ ಬೆಂಚಿನಲ್ಲಿ ಕೂರುವ ಹಾಗಿಲ್ಲ, ಲೈಸೆನ್ಸ್ ಇರುವ ಕೋಚ್ ಇಲ್ಲದಿದ್ದರೆ ತಂಡ ಆಡುವ ಹಾಗಿಲ್ಲ. ಆರು ದಿನದ ತರಬೇತಿ ಮುಗಿದಿತ್ತು. ಇವತ್ತು ತಂತಮ್ಮ ಮಕ್ಕಳಿಗೆ ಆಟ ಕಲಿಸಿ ತೋರಿಸುವ ಮೈದಾನದ ಪರೀಕ್ಷೆ, ನಾಳೆ ಲೀಗಿನ ಮೊದಲ ಪಂದ್ಯ. ಇವತ್ತು ಇವನು ಫೇಲಾದರೆ ನಾಳೆ ತಂಡವೇ ಇಲ್ಲ. ಮಕ್ಕಳೆಲ್ಲ ಚಪ್ಪಲಿ ಅಂಗಡಿ ಯಜಮಾನನ ಕ್ಲಬ್ಬಿಗೆ ಸೇರಬೇಕು. ಅಲ್ಲಿ ಗಟ್ಟಿ ಮಕ್ಕಳು ಆಡುತ್ತಾರೆ, ಪುಟ್ಟ ಮಕ್ಕಳು ನೀರಿನ ಬಾಟಲಿ ಹೊರುತ್ತಾರೆ. ಅರ್ಧ ಟಿಕೆಟ್ ಬಾಟಲಿ ಹೊರುವ ಚಿತ್ರ ಮೈಕಣ್ಣನ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿತ್ತು. ಏನೇ ಆಗಲಿ, ಪಾಸಾಗಿಯೇ ತೀರುವುದೆಂದು ಅವನು ಟೊಂಕ ಕಟ್ಟಿ ನಿಂತಿದ್ದ.

ಮುಖ್ಯ ಪರೀಕ್ಷಕರು ಬಲು ಕಟ್ಟುನಿಟ್ಟಿನ ಮನುಷ್ಯ. ಸಂಘದಲ್ಲಿ ಎಲ್ಲರೂ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದರು. ತರಬೇತಿಯ ಮೊದಲ ದಿನವೇ ಅವರು ಎರಡು ಮಾತು ಹೇಳಿದ್ದರು. "ಮೊದಲನೇದು, ಮಗುವನ್ನ ಅದರ ಹೆಸರಿಂದ ಕರೀರಿ. ಅಡ್ಡಹೆಸರು ಇಟ್ಟು ಕರೆಯೋದು ನನಗೆ ಆಗಿಬರಲ್ಲ. ಎರಡನೇದು, ಯಾರಾದ್ರೂ ಶಿಫಾರಸು ಹಿಡ್ಕೊಂಡು ಬಂದ್ರೋ, ಬಂದ ದಾರೀಲೇ ಮನೆಗೆ ಹೋಗಬಹುದು."

ಮೈಕಣ್ಣನಿಗೆ ಎರಡನೆಯದರ ಚಿಂತೆ ಇರಲಿಲ್ಲ. ಅವನ ಸುತ್ತಲಿನವರಿಗಿತ್ತು. ಬೆಳಿಗ್ಗೆ ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಿದ್ದಂತೆ ಅವಳ ತಮ್ಮ ಬಾಗಿಲಲ್ಲಿ ಪ್ರತ್ಯಕ್ಷನಾದ.

"ಭಾವ, ಸಾಹೇಬರ ಕಿವಿಗೆ ಒಂದು ಮಾತು ಹಾಕ್ಲಾ?"

"ಬೇಡ."

"ಒಂದೇ ಮಾತು ಭಾವ."

"ಅರ್ಧ ಮಾತೂ ಬೇಡ. ಆರು ದಿನ ಬಿಸಿಲಲ್ಲಿ ಬೆಂದಿದ್ದೀನಿ. ಪಾಸಾದ್ರೆ ನನ್ನ ಕಾಲ ಮೇಲೆ ಪಾಸಾಗ್ತೀನಿ."

"ಕಾಲಿಂದ ಆಡ್ತಾರೆ ಭಾವ, ಕಾಲಿಂದ ಯಾರೂ ಪಾಸಾಗಲ್ಲ," ಎಂದು ಭಾವಮೈದುನ ಗೊಣಗಿಕೊಂಡ.

ಮೆಟ್ಟಿಲಲ್ಲಿ ಮೇಲಿನ ಮನೆಯ ಟೀಚರಮ್ಮ ತಡೆದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಕೈಯಲ್ಲಿದ್ದ ಛತ್ರಿಯನ್ನು ಬೆತ್ತದ ಹಾಗೆಯೇ ಹಿಡಿಯುತ್ತಿದ್ದರು. "ನಿನ್ನ ಪರೀಕ್ಷೆ ಮಾಡೋನು ನನ್ನ ಶಿಷ್ಯ ಕಣೋ. ಏಳರ ಮಗ್ಗಿ ಹೇಳು ಅಂದ್ರೆ ಕಿಟಕಿ ಕಡೆ ನೋಡ್ತಿದ್ದ." ಬೀದಿ ತುದಿಯಲ್ಲಿ ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಹಿಡಿದು ಕಣ್ಣು ಮಿಟುಕಿಸಿದ. "ಸಾಹೇಬರ ಟ್ರ್ಯಾಕ್‌ಸೂಟು ಇವತ್ತು ನಮ್ಮಿಂದಾನೇ ಹೋಗಿದ್ದು, ಮೈಕಣ್ಣ. ನೀವು ಧೈರ್ಯವಾಗಿ ಹೋಗಿ." ಟ್ರ್ಯಾಕ್‌ಸೂಟಿಗೂ ತನ್ನ ಧೈರ್ಯಕ್ಕೂ ಏನು ಸಂಬಂಧವೆಂದು ಮೈಕಣ್ಣನಿಗೆ ಹೊಳೆಯಲಿಲ್ಲ. ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೊರಟುಬಿಟ್ಟ.

ಶಾಲೆಯ ಮೈದಾನ, ಪಕ್ಕದಲ್ಲಿ ನೀರಿನ ದೊಡ್ಡ ಟ್ಯಾಂಕು. ನೆರಳಿನಲ್ಲಿ ಮೇಜು ಹಾಕಿಕೊಂಡು ಸಂಘದ ಗುಮಾಸ್ತ ಮೈಕಿನ ಜೊತೆ ಗುದ್ದಾಡುತ್ತಿದ್ದ. ಅದು ಕರಕರ ಎನ್ನುತ್ತಿತ್ತೇ ಹೊರತು ಮಾತು ಹೊರಡಿಸುತ್ತಿರಲಿಲ್ಲ.

"ಮೈಕಣ್ಣ, ದೇವರ ಹಾಗೆ ಬಂದ್ರಿ. ಹಾಜರಿ ಕೂಗಬೇಕು. ನೀವೇ ಸ್ವಲ್ಪ ಕೂಗಿಬಿಡಿ."

ಮೈಕಣ್ಣ ಹಾಳೆ ತೆಗೆದುಕೊಂಡು ಒಂದು ಕಿವಿಗೆ ಕೈಯಿಟ್ಟು ಶುರುಮಾಡಿದ. ಊರಿನ ಹೆಸರು ಕೂಗಿ ಕೂಗಿ ಪಳಗಿದ ಬಾಯಿ ಅದು. ಕಣ್ಣು ಓದುತ್ತದೆ, ಬಾಯಿ ಹೇಳುತ್ತದೆ, ನಡುವೆ ತಲೆಗೆ ಕೆಲಸವಿಲ್ಲ. ಒಬ್ಬೊಬ್ಬರೇ ಬಂದು ಸಾಲಾಗಿ ನಿಂತರು. ಅಷ್ಟರಲ್ಲಿ ಮೈಕಣ್ಣನ ಕಣ್ಣು ಗೇಟಿನ ಕಡೆ ಹೋಯಿತು. ಭಾವಮೈದುನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಲ್ಲು ಬಿಟ್ಟುಕೊಂಡು, ನೆಟ್ಟಗೆ ಸಾಹೇಬರ ಕುರ್ಚಿಯತ್ತ ನಡೆಯುತ್ತಿದ್ದ. ಹಿಂದೆಯೇ ಟೀಚರಮ್ಮನ ಛತ್ರಿ. ಮೈಕಣ್ಣ ಅತ್ತ ಕಣ್ಣು ಬಿಟ್ಟುಕೊಂಡೇ ಇತ್ತ ಕೂಗುತ್ತ ಹೋದ. ಒಬ್ಬ ಅಭ್ಯರ್ಥಿ ಮಾತ್ರ ಎಷ್ಟು ಕೂಗಿದರೂ ಬರಲಿಲ್ಲ.

"ಬಂದಿಲ್ಲ ಸಾರ್. ಹೊಡೆದುಹಾಕಿ," ಎಂದ ಮೈಕಣ್ಣ.

"ಸ್ವಲ್ಪ ಹೊತ್ತು ನೋಡೋಣ್ವಾ? ಆರು ದಿನ ಸರಿಯಾಗಿ ಸಹಿ ಹಾಕಿದ್ದಾರೆ, ಪಾಪ."

"ಏನು ನೋಡೋದು ಸಾರ್? ಹೊತ್ತಿಗೆ ಬಾರದವನಿಗೆ ಬಸ್ಸೇ ನಿಲ್ಲಲ್ಲ. ಇಂಥವರ ಕೈಗೆ ಮಕ್ಕಳನ್ನ ಕೊಟ್ಟರೆ ಉದ್ಧಾರ ಆದ ಹಾಗೇ."

ಗುಮಾಸ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದ. "ನೀವು ಹೇಳೋದೂ ಸರಿ. ನಿಮ್ಮನ್ನ ಕೊನೇಲಿ ಬರ್ಕೊಂಡಿದ್ದೀನಿ ಮೈಕಣ್ಣ, ಯೋಚನೆ ಮಾಡಬೇಡಿ."

ಯೋಚನೆ ಮಾಡಲು ಮೈಕಣ್ಣನಿಗೆ ಬಿಡುವೆಲ್ಲಿತ್ತು? ಸಾಹೇಬರ ಹತ್ತಿರ ಭಾವಮೈದುನ ಬಾಗಿ ಏನೋ ಪಿಸುಗುಟ್ಟುತ್ತಿದ್ದ. ಅವನನ್ನು ಪಕ್ಕಕ್ಕೆ ಸರಿಸಿ ಟೀಚರಮ್ಮ ಎಲ್ಲರಿಗೂ ಕೇಳುವಂತೆ, "ನಮ್ಮ ಮೈಕಣ್ಣನ್ನ ಫೇಲ್ ಮಾಡಿದ್ರೆ ನಿನ್ನ ಕಿವಿ ಹಿಂಡ್ತೀನಿ, ನೆನಪಿರಲಿ," ಎಂದರು. ಸಾಹೇಬರು ಬೆವರು ಒರೆಸಿಕೊಳ್ಳಲೆಂದು ಟ್ರ್ಯಾಕ್‌ಸೂಟಿನ ಜೇಬಿಗೆ ಕೈ ಹಾಕಿದರು. ಕರವಸ್ತ್ರದ ಜೊತೆ ಒಂದು ಚೀಟಿಯೂ ಬಂತು. ಮಡಿಕೆ ಕೆಡದಂತೆ ಇಸ್ತ್ರಿ ಮಾಡಿದ ಚೀಟಿ. 'ಮೈಕಣ್ಣ ಒಳ್ಳೆಯವರು. ದಯವಿಟ್ಟು ನೋಡಿಕೊಳ್ಳಿ. ಇಂತಿ, ನಿಮ್ಮ ಬಟ್ಟೆಯವನು.'

ಸಾಹೇಬರು ಎದ್ದು ನಿಂತರು.

"ಮೈಕಣ್ಣ ಅಂದ್ರೆ ನೀವೇನಾ?"

"ಹೌದು ಸಾರ್. ಆದ್ರೆ ನಾನು ಯಾರಿಗೂ..."

"ಯಾರು ಹೇಳಿಸಿದ್ದು ಅಂತ ನಾನು ಕೇಳಿಲ್ಲ. ನಿಮ್ಮ ಮುಖ ನೋಡಿ ಇದೊಂದು ಸಲ ಬಿಟ್ಟಿದ್ದೀನಿ. ಇನ್ನೊಂದು ಸಲ ನಿಮ್ಮ ಪರವಾಗಿ ಒಂದು ಮಾತು ನನ್ನ ಕಿವಿಗೆ ಬಿದ್ರೆ, ಪರೀಕ್ಷೆ ಅಲ್ಲಿಗೇ ಮುಗೀತು."

ಮೈಕಣ್ಣ ಭಾವಮೈದುನನನ್ನೂ ಟೀಚರಮ್ಮನನ್ನೂ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋದ. ಏನಾಯಿತೆಂದು ನೋಡಲು ಬಂದಿದ್ದ ಇಸ್ತ್ರಿಯವನೂ ಅಲ್ಲೇ ಸಿಕ್ಕಿಬಿದ್ದ. ಮೂವರ ಮುಂದೆಯೂ ಮೈಕಣ್ಣ ಕೈ ಮುಗಿದ. ಅವನ ಕಣ್ಣಲ್ಲಿ ನೀರಿತ್ತು.

"ನಿಮ್ಮ ದಮ್ಮಯ್ಯ. ನಾಳೆ ಆ ಮಕ್ಕಳು ಆಡಬೇಕು. ಲೈಸೆನ್ಸ್ ಕೈಗೆ ಬರೋವರೆಗೆ ನನ್ನ ಪರವಾಗಿ ಯಾರೂ ಬಾಯಿ ಬಿಡಬೇಡಿ. ಯಾರೇ ಕೇಳಲಿ, ಏನೇ ಕೇಳಲಿ, ನಾನು ಯಾರೋ ನೀವ್ಯಾರೋ. ಮಾತು ಕೊಡಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಅಷ್ಟು ಬೇಡಿಕೊಂಡದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ. "ಆಯ್ತು ಕಣೋ," ಎಂದರು ಟೀಚರಮ್ಮ, ಮೆತ್ತಗಾಗಿ. "ಮಾತು ಅಂದ್ರೆ ಮಾತು." ಇಸ್ತ್ರಿಯವನು ತುಟಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಬಿಟ್ಟುಕೊಂಡಂತೆ ಮಾಡಿ ತೋರಿಸಿದ.

ಕೊನೆಗೆ ಮೈಕಣ್ಣನ ಸರದಿ ಬಂತು. ಯಾವ ಪಾಠ ಕಲಿಸಬೇಕೆಂದು ಚೀಟಿ ಎತ್ತಬೇಕಿತ್ತು. ಎತ್ತಿದ. ಚೆಂಡನ್ನು ಜೊತೆಯವರಿಗೆ ಪಾಸ್ ಮಾಡುವುದು.

ಮಕ್ಕಳು ಎರಡು ಪಾಲಾಗಿ ನಿಂತರು. ಸಾಹೇಬರು ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಪೆನ್ನು ಬಿಚ್ಚಿದರು. ಬೆಂಕಿಪೊಟ್ಟಣ ಒದ್ದ ಚೆಂಡು ರಬ್ಬರಿಗೆ, ರಬ್ಬರಿನಿಂದ ಸಾಹೇಬನಿಗೆ. ಸಾಹೇಬ ಚೆಂಡು ನಿಲ್ಲಿಸಿದ. ಕೈ ಬೆನ್ನ ಹಿಂದೆ ಹೋಯಿತು. ತಪಾಸಣೆ ಆರಂಭವಾಯಿತು. ಎರಡು ವರ್ಷದ ಅಭ್ಯಾಸ ಮೈಕಣ್ಣನ ಗಂಟಲಿನಿಂದ ತಾನಾಗಿಯೇ ಹೊರಬಿತ್ತು.

"ಸಾಹೇಬಾ, ಪಾಸ್ ಮಾಡೋ."

ಮಾತು ಹೋಗಿ ನೀರಿನ ಟ್ಯಾಂಕಿಗೆ ಬಡಿದು, 'ಪಾಸ್ ಮಾಡೋ' ಎಂದು ವಾಪಸು ಬಂತು. ಸಾಹೇಬರ ಪೆನ್ನು ನಿಂತಿತು. ಮೈಕಣ್ಣನಿಗೆ ತಾನು ಅಂದದ್ದೇನು, ಯಾರ ಪಕ್ಕದಲ್ಲಿ ನಿಂತು ಅಂದದ್ದು ಎಂಬುದು ಆಗ ಅರಿವಾಯಿತು. ಇನ್ನು ಸತ್ತರೂ ಆ ಶಬ್ದ ಎತ್ತಬಾರದೆಂದು ಹಲ್ಲು ಕಚ್ಚಿ ನಿರ್ಧರಿಸಿದ. ಚೆಂಡು ಸುತ್ತಿ ಬಳಸಿ ಮತ್ತೆ ಸಾಹೇಬನ ಹತ್ತಿರವೇ ಬಂತು.

"ಸಾಹೇಬಾ, ತಗೋ. ತಗೊಂಡು ಬೇಗ ಬಿಟ್ಟುಬಿಡು."

ಸಾಹೇಬ ತೆಗೆದುಕೊಂಡ, ಬಿಡಲಿಲ್ಲ.

"ಯಾರೂ ಅಡ್ಡ ಇಲ್ಲ ಕಣೋ, ಯಾರೂ ನೋಡ್ತಿಲ್ಲ, ಕೊಡು. ಸಾಹೇಬಾ, ಎಲ್ಲಾ ನಿಂಗೊಬ್ಬನಿಗೇ ಬೇಕಾ? ಹಂಚ್ಕೊಂಡು ತಿನ್ನೋದು, ಅಲ್ಲ, ಹಂಚ್ಕೊಂಡು ಆಡೋದು ಕಲಿಯೋ."

ಉಳಿದ ಅಭ್ಯರ್ಥಿಗಳು ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿಕೊಂಡರು. ಕೆಲವರ ಭುಜ ಕುಣಿಯುತ್ತಿತ್ತು. ಸಾಹೇಬರು ಪೆನ್ನು ಮುಚ್ಚಿ, ಕುರ್ಚಿಯಿಂದ ಎದ್ದು, ಮೈದಾನದ ನಡುವಿಗೆ ಬಂದರು.

"ನಾನು ಏನು ತಗೋಬೇಕು? ಯಾರ ಜೊತೆ ಹಂಚ್ಕೋಬೇಕು?"

"ಅಯ್ಯೋ, ನಿಮಗಲ್ಲ ಸಾರ್. ಈ ಹುಡುಗನಿಗೆ ಹೇಳಿದ್ದು. ಇವನೇ ಸಾಹೇಬ."

ಹೇಳಿದ ಮೇಲೆ ಮೈಕಣ್ಣ ನಾಲಿಗೆ ಕಚ್ಚಿಕೊಂಡ. ಮೊದಲ ದಿನದ ಮೊದಲ ಮಾತು ನೆನಪಾಗಿತ್ತು.

"ಅಡ್ಡಹೆಸರೋ?" ಎಂದರು ಸಾಹೇಬರು. "ಸರಿ. ಇವನ ನಿಜವಾದ ಹೆಸರು ಹೇಳಿ."

ಮೈಕಣ್ಣ ಬಾಯಿ ತೆರೆದ. ಆ ಬಾಯಿಂದ ಶಬ್ದ ಬಾರದೇ ಇದ್ದದ್ದು ಅದೇ ಮೊದಲು. ಹುಡುಗ ಎಡಗಾಲಿನವನು ಎಂದು ಅವನಿಗೆ ಗೊತ್ತಿತ್ತು. ನಾಯಿ ಕಂಡರೆ ಹೆದರುತ್ತಾನೆಂದು ಗೊತ್ತಿತ್ತು. ಕಾಲಲ್ಲಿರುವ ಬೂಟು ಅಕ್ಕನದು, ಮುಂದೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಾನೆಂದೂ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಲೀಗಿಗೆ ಮಕ್ಕಳ ಹೆಸರು ಬರೆದುಕೊಟ್ಟವಳು ಹೆಂಡತಿ. ಮೈಕಣ್ಣನಿಗೆ ನಿಜವಾಗಿ ನಾಚಿಕೆಯಾಯಿತು. ಪರೀಕ್ಷೆ ಹೋದರೆ ಹೋಯಿತೆನ್ನಿಸಿ, ಅವನು ಹುಡುಗನ ಮುಂದೆ ಮಂಡಿಯೂರಿ ಕೂತ.

"ಏನಪ್ಪಾ ನಿನ್ನ ಹೆಸರು?"

ಹುಡುಗ ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. ಮೈಕಣ್ಣ ಅದನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡ, ಸರಿಯಾಯಿತೇ ಎಂದು ಕೇಳಿದ, ಮತ್ತೊಮ್ಮೆ ಹೇಳಿಕೊಂಡ.

"ಮುಂದುವರಿಸಿ," ಎಂದರು ಸಾಹೇಬರು.

ಆಟ ಮತ್ತೆ ಶುರುವಾಯಿತು. ಚೆಂಡು ಹುಡುಗನ ಕಾಲಿಗೆ ಬಂತು, ಕೈ ಬೆನ್ನ ಹಿಂದೆ ಹೋಯಿತು. ಮೈಕಣ್ಣ ಈ ಸಲ ಕೂಗಲಿಲ್ಲ. ಮನೆಯಲ್ಲಿ ಕರೆಯುವಷ್ಟೇ ದನಿಯಲ್ಲಿ ಅವನ ಹೆಸರು ಹಿಡಿದು ಕರೆದ, ಅಷ್ಟೇ. ಹುಡುಗನ ಕೈಗಳು ಬಿಚ್ಚಿಕೊಂಡವು. ತಲೆ ಎತ್ತಿ ನೋಡಿದ. ಎಡಗಾಲಿನಿಂದ ಚೆಂಡನ್ನು ನೇರ ಅರ್ಧ ಟಿಕೆಟ್‌ನ ಕಾಲಿಗೆ ತಳ್ಳಿದ. ಈ ಹುಡುಗನಿಂದ ಇಷ್ಟು ದಿನದಲ್ಲಿ ಒಮ್ಮೆಯೂ ಚೆಂಡು ಸಿಗದ ಆ ಚೋಟುದ್ದದವನು ಕ್ಷಣ ಹೊತ್ತು ಕಣ್ಣು ಕಣ್ಣು ಬಿಟ್ಟ. ಆಮೇಲೆ ಓಡಿದ ಓಟಕ್ಕೆ ಯಾರೂ ಸಿಗಲಿಲ್ಲ. ಗೋಲಾಯಿತು.

ಸಾಹೇಬರು ಬಹಳ ಹೊತ್ತು ಬರೆದರು. "ಹೋಗಿ ಕೂತ್ಕೊಳ್ಳಿ, ಮೈಕಣ್ಣ," ಎಂದರು. ದನಿ ಅಷ್ಟೇನೂ ಒರಟಾಗಿರಲಿಲ್ಲ.

ಸಾಯಂಕಾಲ ಶಾಲೆಯ ಕೊಠಡಿಯಲ್ಲಿ ಲೈಸೆನ್ಸ್ ಹಂಚಿದರು. ಒಬ್ಬೊಬ್ಬರಾಗಿ ತೆಗೆದುಕೊಂಡು ಮನೆಗೆ ಹೋದರು. ಎಲ್ಲರಿಗಿಂತ ಕೊನೆಗೆ ಗುಮಾಸ್ತ ನಗುತ್ತ ಕಾರ್ಡೊಂದನ್ನು ಎತ್ತಿ ಹಿಡಿದ. "ಮೈಕಣ್ಣ, ಪಾಸ್. ನಿಮ್ಮಷ್ಟು ಅಂಕ ಯಾರಿಗೂ ಬಂದಿಲ್ಲ. ಎಲ್ಲಿ, ನಿಮ್ಮ ಗುರುತಿನ ಚೀಟಿ ಕೊಡಿ, ನಂಬರ್ ಬರ್ಕೋತೀನಿ. ನಾಳೆ ಗೇಟಲ್ಲಿ ಎರಡನ್ನೂ ತಾಳೆ ನೋಡ್ತಾರೆ."

ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳು ಹೋ ಎಂದು ಕೂಗಿದರು. ಮೈಕಣ್ಣ ಎದೆಯುಬ್ಬಿಸಿ ಗುರುತಿನ ಚೀಟಿ ಕೊಟ್ಟ. ಗುಮಾಸ್ತ ಅದನ್ನು ನೋಡಿದ, ಇವನನ್ನು ನೋಡಿದ, ಮತ್ತೆ ಅದನ್ನು ನೋಡಿದ.

"ಇದು ಬೇರೆ ಯಾರದ್ದೋ ಅಲ್ವಾ?"

"ನನ್ನದೇ ಸಾರ್. ಫೋಟೋ ನೋಡಿ."

"ಫೋಟೋ ನಿಮ್ದೇ. ಆದ್ರೆ ಈ ಹೆಸರಿನ ಮನುಷ್ಯ ಬೆಳಿಗ್ಗೆ ಪರೀಕ್ಷೆಗೆ ಬಂದೇ ಇಲ್ಲ." ಗುಮಾಸ್ತ ಹಾಜರಿಯ ಹಾಳೆ ತಿರುಗಿಸಿ ತೋರಿಸಿದ. ಕೆಂಪು ಗೆರೆಯ ಕೆಳಗೆ ಮೈಕಣ್ಣನ ನಿಜವಾದ ಹೆಸರು, ಅವನ ಅಪ್ಪನ ಹೆಸರು, ಮನೆತನದ ಹೆಸರು, ಮೂರೂ ಉದ್ದಕ್ಕೆ ಮಲಗಿದ್ದವು. ಬಹಳ ದಿನ ಕಾಣದ ದೂರದ ನೆಂಟನನ್ನು ನೋಡುವ ಹಾಗೆ ಅವನು ಅದನ್ನು ನೋಡಿದ.

"ಬಂದಿಲ್ಲ ಅಂತ ಯಾರು ಸಾರ್ ಹೇಳಿದ್ದು?"

"ನೀವೇ," ಎಂದ ಗುಮಾಸ್ತ.

ಸಾಹೇಬರು ಹಾಳೆ ತರಿಸಿಕೊಂಡು ನೋಡಿದರು. ಅವರ ಮುಖದಲ್ಲಿ ಮರುಕವೂ ಇತ್ತು, ನಿಯಮವೂ ಇತ್ತು. "ನೀವು ಒಳ್ಳೆ ಕೋಚ್. ಅದರಲ್ಲಿ ಸಂಶಯ ಇಲ್ಲ. ಆದ್ರೆ ಮೈಕಣ್ಣ ಅನ್ನೋ ಹೆಸರಲ್ಲಿ ಗುರುತಿನ ಚೀಟಿ ಇಲ್ಲ. ಗುರುತಿನ ಚೀಟಿ ಇರೋರು ಪರೀಕ್ಷೆಗೆ ಗೈರುಹಾಜರು. ಗೈರಾದವರು ಆರು ದಿನದ ತರಬೇತಿ ಮೊದಲಿಂದ ಮಾಡಬೇಕು. ದಾರಿ ಒಂದೇ ಇದೆ. ನಿಮ್ಮನ್ನ ಬಲ್ಲವರು ಇಬ್ಬರು ಈಗಲೇ ಬಂದು, ಈ ಎರಡೂ ಹೆಸರಿನವರು ಒಬ್ಬರೇ ಅಂದ್ರೆ ತಿದ್ದಿಬಿಡ್ತೀನಿ. ನೀವು ಮಾತ್ರ ಹೇಳಿಕೊಡೋ ಹಾಗಿಲ್ಲ, ಬಾಯಿ ಮುಚ್ಕೊಂಡು ನಿಲ್ಲಬೇಕು."

ಕಿಟಕಿಯಲ್ಲಿ ಮೊದಲು ಕಂಡ ಮುಖ ಎಡಗಾಲಿನ ಹುಡುಗನದು. ಸಾಹೇಬರು ಅವನನ್ನೇ ಕೇಳಿದರು. "ನಿಮ್ಮ ಕೋಚ್ ಹೆಸರೇನಪ್ಪಾ?"

"ಮೈಕಣ್ಣ."

"ಪೂರ್ತಿ ಹೆಸರು?"

"ಪೂರ್ತಿ ಮೈಕಣ್ಣ," ಎಂದ ಹುಡುಗ, ಹೆಮ್ಮೆಯಿಂದ.

ಹೆಂಡತಿ ಊರಿನ ಆ ತುದಿಯ ಆಸ್ಪತ್ರೆಯಲ್ಲಿ. ಜೊತೆಯ ಅಭ್ಯರ್ಥಿಗಳಿಗೆ ಗೊತ್ತಿದ್ದದ್ದು ಬರೀ ಮೈಕಣ್ಣ, ಅವರೂ ಹೋಗಿಯಾಗಿತ್ತು. ಆದರೆ ಗೇಟಿನ ಹೊರಗೆ ಮೂರು ಜನ ಬೆಳಗಿನಿಂದ ಕದಲದೆ ನಿಂತಿದ್ದರು. ಮೈಕಣ್ಣನಿಗೆ ಹೋದ ಜೀವ ಬಂದಂತಾಯಿತು. ಭಾವಮೈದುನನಿಗೆ ಇವನ ಹೆಸರು ಮದುವೆಯ ದಿನದಿಂದ ಗೊತ್ತು. ಟೀಚರಮ್ಮನ ಮನೆಗೆ ಇವನ ಕಾಗದಗಳು ತಪ್ಪಿ ಹೋಗುತ್ತಲೇ ಇರುತ್ತಿದ್ದವು. ಇಸ್ತ್ರಿಯವನು ಬಸ್ ನಿಲ್ದಾಣದ ಸಮವಸ್ತ್ರದ ಮೇಲಿನ ಹೆಸರಿನ ಪಟ್ಟಿಯನ್ನು ವಾರವಾರವೂ ಕಾಣುತ್ತಿದ್ದ. ಗುಮಾಸ್ತ ಹೋಗಿ ಮೂವರನ್ನೂ ಕರೆತಂದ.

ಸಾಹೇಬರು ಭಾವಮೈದುನನನ್ನು ಕೇಳಿದರು. "ಇವರು ಯಾರು ಅಂತ ಗೊತ್ತಾ?"

ಭಾವಮೈದುನ ಮೈಕಣ್ಣನ ಕಡೆ ನೋಡಿದ. ಮೈಕಣ್ಣ ಬಾಯಿ ಮುಚ್ಚಿಕೊಂಡು, ಹೇಳು ಹೇಳು ಎಂದು ಕಣ್ಣು ಹುಬ್ಬು ಎಲ್ಲವನ್ನೂ ಕುಣಿಸಿದ. ಭಾವಮೈದುನನಿಗೆ ಅರ್ಥವಾಯಿತು. ಅವನು ನಿಧಾನವಾಗಿ ತಲೆಯಾಡಿಸಿದ.

"ಇಲ್ಲ ಸಾರ್. ಇವರನ್ನ ನಾನು ನೋಡೇ ಇಲ್ಲ."

"ಬೆಳಿಗ್ಗೆ ನೀವೇ ಬಂದು ಹೇಳಿದ್ರಲ್ಲ?"

"ಅದು ಬೇರೆ ಯಾರೋ ಇರಬೇಕು ಸಾರ್."

ಇಸ್ತ್ರಿಯವನು ಮಾತೇ ಆಡಲಿಲ್ಲ. ತುಟಿ ಬಿಗಿಹಿಡಿದು, ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಇಲ್ಲವೆಂದು ಕೈಯಾಡಿಸಿದ. ಉಳಿದವರು ಟೀಚರಮ್ಮ. ಮೈಕಣ್ಣ ಅವರ ಕಡೆಗೆ ತಿರುಗಿ ಎರಡೂ ಕೈ ಮುಗಿದ, ಬೆಳಿಗ್ಗೆ ಟ್ಯಾಂಕಿನ ಹಿಂದೆ ಮುಗಿದ ಹಾಗೆಯೇ. ಟೀಚರಮ್ಮನ ಕಣ್ಣು ತೇವವಾಯಿತು. ಛತ್ರಿಯನ್ನು ಗಟ್ಟಿಯಾಗಿ ಊರಿ ನಿಂತರು.

"ಯಾರಪ್ಪ ಇವರು? ನಾನು ಕಂಡವರಲ್ಲ. ಪಾಪ, ಕಣ್ಣಿಗೆ ಏನೋ ಬಿದ್ದಿರೋ ಹಾಗಿದೆ, ಸ್ವಲ್ಪ ನೋಡಿ."

ಸಾಹೇಬರು ಉಸಿರು ಬಿಟ್ಟು ಕಾರ್ಡನ್ನು ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದರು. "ಮುಂದಿನ ತರಬೇತಿ ಲೀಗ್ ಮುಗಿದ ಮೇಲೆ. ಖಂಡಿತ ಬನ್ನಿ," ಎಂದರು. ಗುಮಾಸ್ತ ಪಕ್ಕಕ್ಕೆ ಕರೆದು, ಮೈಕು ರಿಪೇರಿ ಆಗೋದು ಅನುಮಾನ, ಹಾಜರಿ ಕೂಗೋಕೆ ಸ್ವಲ್ಪ ಮುಂಚೆನೇ ಬನ್ನಿ ಎಂದ.

ಮೈಕಣ್ಣ ಹೊರಗೆ ಬಂದ. ಅರ್ಧ ಟಿಕೆಟ್ ಓಡಿ ಬಂದು ಅವನ ಬೆರಳು ಹಿಡಿದುಕೊಂಡು, ನಾಳೆ ತನ್ನನ್ನು ಮೊದಲಿಂದಲೇ ಆಡಿಸಬೇಕೆಂದು ಕೇಳಿದ. ಮೈಕಣ್ಣ ಅವನ ತಲೆ ಸವರಿದ. ಮತ್ತೆ ಆರು ದಿನ ಬೇಯಬೇಕಾದರೆ ಬೇಯುತ್ತೇನೆ, ಅಷ್ಟರೊಳಗೆ ಎಲ್ಲ ಮಕ್ಕಳ ಹೆಸರೂ ಕಲಿಯುತ್ತೇನೆ, ನನ್ನದನ್ನೂ ಸೇರಿಸಿ, ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಗೇಟಿನ ಹತ್ತಿರ ಮೂವರೂ ಮುಖ ಅರಳಿಸಿಕೊಂಡು ಕಾಯುತ್ತಿದ್ದರು. ಭಾವಮೈದುನ ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

"ನೋಡಿದ್ರಾ ಭಾವ, ಎಷ್ಟು ಕೇಳಿದ್ರೂ ಒಬ್ಬರೂ ಬಾಯಿ ಬಿಡಲಿಲ್ಲ. ಪಾಸ್ ಆಯ್ತು ತಾನೇ?"